ಕೋಸ್ಟ್ ಗಾರ್ಡ್, ನೇವಿ, ಕರಾವಳಿ ಪೊಲೀಸ್: ನಮ್ಮ ಕಡಲಿಗೆ ಕಾವಲು ಯಾರದು?

ತುಮಕೂರು_ತರಲೆ

ಕರಾವಳಿ ಕಡೆಯವರಿಗೊಂದು ಪ್ರಶ್ನೆ. ನಮ್ಮ ಚಿಕ್ಕಪ್ಪನ ಮಗ ಕೋಸ್ಟ್ ಗಾರ್ಡ್ ನಾವಿಕ್ ಪರೀಕ್ಷೆಗೆ ಓದ್ತಾ ಇದಾನೆ. ಮನೇಲಿ ಎಲ್ಲರೂ "ನೇವಿಗೆ ಸೇರ್ತಾನಂತೆ" ಅಂತಾರೆ, ಅವನು "ನೇವಿ ಅಲ್ಲ, ನೇವಿ ಅಲ್ಲ" ಅಂತ ರೇಗ್ತಾನೆ. ಕಾರವಾರದಲ್ಲಿ ಅಷ್ಟು ದೊಡ್ಡ ನೌಕಾನೆಲೆ ಇದೆ. ಮಲ್ಪೆಯಲ್ಲಿ ಕರಾವಳಿ ಕಾವಲು ಪೊಲೀಸ್ ಅಂತ ಬೋರ್ಡು ನೋಡಿದೀನಿ. ಪಣಂಬೂರಲ್ಲಿ ಕೋಸ್ಟ್ ಗಾರ್ಡ್. ಮುನ್ನೂರು ಚಿಲ್ಲರೆ ಕಿಲೋಮೀಟರ್ ತೀರಕ್ಕೆ ಇಷ್ಟು ಜನ ಯಾಕೆ? ಯುದ್ಧ ಇಲ್ಲದಾಗ ಇವರಿಗೆಲ್ಲ ಏನು ಕೆಲಸ? ಗೂಗಲ್ ಮಾಡು ಅನ್ನಬೇಡಿ, ಮಾಡಿ ಸುಸ್ತಾಗಿಯೇ ಇಲ್ಲಿಗೆ ಬಂದಿದ್ದು.

ಬಿಳಿಹಡಗು

ಕೋಸ್ಟ್ ಗಾರ್ಡಿನಲ್ಲಿದ್ದು ನಿವೃತ್ತನಾದವನು ನಾನು. ಸ್ವಲ್ಪ ಉದ್ದ ಆಗ್ತದೆ, ಬೇಸರ ಮಾಡಬೇಡಿ.

ನಿಮ್ಮ ತಮ್ಮ ರೇಗುವುದು ಸರಿಯೇ. ಎರಡೂ ರಕ್ಷಣಾ ಸಚಿವಾಲಯದ ಕೆಳಗೇ ಬರುವುದರಿಂದ ಜನಕ್ಕೆ ಗೊಂದಲ. ಆದರೆ ಹುಟ್ಟಿದ ಕಾರಣವೇ ಬೇರೆ. 1960–70ರ ದಶಕದಲ್ಲಿ ಪಶ್ಚಿಮ ಕರಾವಳಿಯ ದೊಡ್ಡ ತಲೆನೋವು ಶತ್ರುದೇಶದ ಯುದ್ಧನೌಕೆಗಿಂತ ಹೆಚ್ಚಾಗಿ ಕಳ್ಳಸಾಗಣೆ. ಕೊಲ್ಲಿ ಕಡೆಯಿಂದ ಚಿನ್ನ, ವಾಚು ತುಂಬಿದ ದೋಣಿಗಳು ರಾತ್ರಿ ಬಂದು ಮಾಲು ಇಳಿಸಿ ಬೆಳಗಾಗುವುದರೊಳಗೆ ಮಾಯ. ಕಸ್ಟಮ್ಸ್‌ನವರ ಬಳಿ ಇದ್ದ ದೋಣಿಗಳಿಗೆ ಅವುಗಳನ್ನು ಅಟ್ಟುವ ತಾಕತ್ತಿರಲಿಲ್ಲ. ಇದಕ್ಕೆಲ್ಲ ನೌಕಾಪಡೆಯನ್ನೇ ಬಳಸುತ್ತಾ ಹೋದರೆ ಅದು ತನ್ನ ಅಸಲು ಕೆಲಸ ಯಾವಾಗ ಮಾಡಬೇಕು? ಅಲ್ಲದೆ ಪಕ್ಕದ ದೇಶದ ಮೀನು ದೋಣಿಯೊಂದು ಗಡಿ ದಾಟಿ ಬಂದಾಗ ಅದನ್ನು ತಡೆಯಲು ಯುದ್ಧನೌಕೆ ಹೋಗಿ ನಿಂತರೆ ವಿಷಯ ಬೇರೆಯೇ ದಾರಿ ಹಿಡಿಯುತ್ತದೆ. ಸಮುದ್ರದಲ್ಲಿ ಪೊಲೀಸ್ ಕೆಲಸಕ್ಕೆ ಬೇರೆ ಪಡೆ ಬೇಕು ಎನ್ನುವ ಮಾತು ಬಂದದ್ದು ಹೀಗೆ.

1974ರಲ್ಲಿ ಕೆ.ಎಫ್. ರುಸ್ತುಂಜಿ ಅವರ ಸಮಿತಿ ರಚನೆಯಾಯಿತು. ಬಿಎಸ್‌ಎಫ್‌ನ ಮೊದಲ ಮುಖ್ಯಸ್ಥರಾಗಿದ್ದವರು ಅವರು. ಅದೇ ವರ್ಷ ಮುಂಬೈಯಾಚೆಯ ಕಡಲಿನ ಬಾಂಬೆ ಹೈನಲ್ಲಿ ತೈಲ ಸಿಕ್ಕಿತ್ತು, ಅದಕ್ಕೂ ಕಾವಲು ಬೇಕಿತ್ತು. 1976ರಲ್ಲಿ ಸಾಗರ ವಲಯಗಳ ಕಾಯ್ದೆ ಬಂದು ತೀರದಿಂದ 200 ನಾಟಿಕಲ್ ಮೈಲಿನವರೆಗಿನ (ಸುಮಾರು 370 ಕಿಲೋಮೀಟರ್) ಮೀನು, ತೈಲ, ಖನಿಜದ ಹಕ್ಕು ನಮ್ಮದು ಎಂದಾಯಿತು. ಅಂದರೆ ಸುಮಾರು 20 ಲಕ್ಷ ಚದರ ಕಿಲೋಮೀಟರ್ ನೀರು. 1977ರ ಫೆಬ್ರವರಿ 1ರಂದು ನೌಕಾಪಡೆಯಿಂದ ಪಡೆದ ಎರಡು ಹಳೆಯ ಫ್ರಿಗೇಟ್ ಮತ್ತು ಐದು ಗಸ್ತು ದೋಣಿಗಳೊಂದಿಗೆ ಮಧ್ಯಂತರ ವ್ಯವಸ್ಥೆಯಾಗಿ ಕೆಲಸ ಶುರು. ಮರುವರ್ಷ, 1978ರ ಆಗಸ್ಟ್‌ನಲ್ಲಿ, ಕೋಸ್ಟ್ ಗಾರ್ಡ್ ಕಾಯ್ದೆ ಜಾರಿಯಾಯಿತು.

ಆ ಕಾಯ್ದೆಯ 14ನೇ ಕಲಂ ಓದಿ. ತೈಲ ಬಾವಿ, ಕೃತಕ ದ್ವೀಪಗಳ ರಕ್ಷಣೆ. ಸಂಕಟದಲ್ಲಿರುವ ಮೀನುಗಾರರಿಗೆ ನೆರವು. ಸಾಗರ ಪರಿಸರ ಕಾಪಾಡುವುದು, ಮಾಲಿನ್ಯ ತಡೆ. ಕಸ್ಟಮ್ಸ್‌ನವರಿಗೆ ಸಹಾಯ. ಯುದ್ಧ ಇಲ್ಲದಾಗ ಏನು ಕೆಲಸ ಎಂದು ಕೇಳಿದಿರಲ್ಲ, ಇದೆಲ್ಲ ಯುದ್ಧ ಇಲ್ಲದಾಗಿನದ್ದೇ.

ಗಂಗೊಳ್ಳಿ_ಬೋಟು

ಬಿಳಿಹಡಗು ಸರ್ ಹೇಳಿದ್ದ್ ಎಲ್ಲ ಸರಿಯೇ. ಕಡ್ಲಲ್ಲ್ ಇಪ್ಪು ನಮ್ಮ್ ಕತಿ ಕೇಣಿ. ಬಲೆ ಬಿಟ್ಟ್ ಕೂತಿರತ್ತ್, ಒಬ್ರು ಬಂದ್ ಲೈಸೆನ್ಸ್ ಕಾಣ್ಸಿ ಅಂತ್ರ್. ಅವ್ರ್ ಹೋದ ಮೇಲೆ ಮತ್ತೊಬ್ರು, ಎಷ್ಟ್ ಜನ ಇದ್ರಿ, ಬಯೋಮೆಟ್ರಿಕ್ ಕಾರ್ಡ್ ಎಲ್ಲಿತ್ತ್, ಲೈಫ್ ಜಾಕೆಟ್ ಎಷ್ಟಿತ್ತ್. ದಡಕ್ಕೆ ಬಂದ್ರೆ ಅಲ್ಲಿ ಮೂರನೆಯವ್ರ್. ಯಾರ್ ಯಾರ್ ಅಂದೆಲ್ಲ ಹೆಸ್ರ್ ಹೇಳೂದಿಲ್ಲೆ, ನಾಳೆ ಮತ್ತ್ ಅದೇ ಕಡ್ಲಿಗೆ ಹೋಯ್ಕಲ್ದಾ. ಒಬ್ರು ಕಂಡದ್ದ್ ಇನ್ನೊಬ್ರಿಗೆ ಗೊತ್ತಿರೂದಿಲ್ಲೆ. ಒಂದ್ ಸಲ ಕಂಡ್ರೆ ಸಾಕಲ್ದಾ ಮಾರಾಯ್ರೆ?

ಮಲ್ಪೆ_ಧಕ್ಕೆ

ಗಂಗೊಳ್ಳಿಯಣ್ಣ, ಕಿರಿಕಿರಿ ಆಗುದು ಹೌದು. ಆದ್ರೆ ಆ ತಪಾಸಣೆ ಸುಮ್ಮನೆ ಶುರುವಾದದ್ದಲ್ಲ. 2008ರ ನವೆಂಬರಲ್ಲಿ ಕರಾಚಿಯಿಂದ ಹೊರಟ ಹತ್ತು ಜನ ಮುಂಬೈಗೆ ಬಂದದ್ದು ಹೇಗೆ? ನಮ್ಮಂಥದ್ದೇ ಮೀನು ಬೋಟಲ್ಲಿ. ಪೋರ್‌ಬಂದರಿನ ‘ಕುಬೇರ್’ ಬೋಟನ್ನು ಸಮುದ್ರದ ಮಧ್ಯ ವಶ ಮಾಡಿಕೊಂಡ್ರು, ಕಲಾಸಿಗಳನ್ನು (ಬೋಟಿನ ಕೆಲಸದವರನ್ನು) ಕೊಂದ್ರು, ಮುಂಬೈ ತನಕ ಬೋಟು ನಡೆಸಿದ ಮೇಲೆ ಬೋಟಿನ ಮುಖ್ಯಸ್ಥ ತಾಂಡೇಲನನ್ನೂ ಬಿಡ್ಲಿಲ್ಲ. ಆಮೇಲೆ ರಬ್ಬರ್ ದೋಣಿಯಲ್ಲಿ ಕೊಲಾಬದ ಮೀನುಗಾರರ ಕೇರಿಗೆ ಹತ್ತಿದ್ರು. ಅಲ್ಲಿಯ ಮೀನುಗಾರರಿಗೆ ಅನುಮಾನ ಬಂದು ಯಾರು ನೀವು ಅಂತ ಕೇಳಿಯೂ ಇದ್ರು.

ಕುಬೇರ್ ಗುಜರಾತಿನಲ್ಲಿ ನೋಂದಣಿಯಾದ ಬೋಟು, ಅದರಲ್ಲಿ ಭಾರತದ ತಾಂಡೇಲನೇ ಇದ್ದ. ದೂರದಿಂದ ದುರ್ಬೀನು ಹಾಕಿ ನೋಡಿದವನಿಗೆ ಎಂತ ಗೊತ್ತಾಗ್ತದೆ? ಹತ್ತಿರ ಬಂದು ಕಾರ್ಡು ನೋಡ್ಲೇಬೇಕು.

ಬಿಳಿಹಡಗು

ಮಲ್ಪೆಯವರು ಹೇಳಿದ್ದಕ್ಕೆ ಇನ್ನಷ್ಟು ಸೇರಿಸುತ್ತೇನೆ. ಮುಂಬೈ ದಾಳಿಯ ನಂತರ ಹೊಣೆ ಹಂಚಿಕೆ ಹೊಸದಾಗಿ ಆಯಿತು. ಒಟ್ಟಾರೆ ಸಾಗರ ಭದ್ರತೆ ನೌಕಾಪಡೆಯದು. ತೀರದಿಂದ 12 ನಾಟಿಕಲ್ ಮೈಲಿನೊಳಗಿನ ಕರಾವಳಿ ಭದ್ರತೆಯ ಸಮನ್ವಯ ಕೋಸ್ಟ್ ಗಾರ್ಡಿನದು. ಅದೇ ನೀರಿನಲ್ಲಿ ಗಸ್ತು, ಕೇಸು, ಬಂಧನ ರಾಜ್ಯದ ಕರಾವಳಿ ಪೊಲೀಸರದು. ನಮ್ಮಲ್ಲಿ ಮಂಗಳೂರಿನಿಂದ ಕಾರವಾರದವರೆಗೆ ಅಂಥ ಒಂಬತ್ತು ಠಾಣೆಗಳಿವೆ, ಎಸ್‌ಪಿ ಕಚೇರಿ ಮಲ್ಪೆಯಲ್ಲಿ. ಜೊತೆಗೆ ಕಸ್ಟಮ್ಸ್, ಮೀನುಗಾರಿಕೆ ಇಲಾಖೆ, ಬಂದರು ಇಲಾಖೆ. ಕೋಸ್ಟ್ ಗಾರ್ಡ್ ಹಡಗು ಅನುಮಾನದ ದೋಣಿಯನ್ನು ಹತ್ತಿ ಶೋಧಿಸಬಹುದು, ಹಿಡಿಯಬಹುದು. ಆಮೇಲೆ ಅವರನ್ನು ದಡಕ್ಕೆ ತಂದು ಪೊಲೀಸರಿಗೋ ಕಸ್ಟಮ್ಸ್‌ನವರಿಗೋ ಒಪ್ಪಿಸಲೇಬೇಕು. ವಿಚಾರಣೆ ನಡೆಸಿ ಕೋರ್ಟಿಗೆ ಒಯ್ಯುವವರು ಅವರು.

ನನ್ನ ಅನುಭವದಲ್ಲಿ ಕೆಲಸ ಕೆಡುವುದು ಈ ಒಪ್ಪಿಸುವ ಜಾಗಗಳಲ್ಲೇ. ಸಮುದ್ರದ ಮಧ್ಯ ಯಾರಿಗೂ ಗೊಂದಲ ಇರುವುದಿಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಲ್ಲಿ ಮಾಹಿತಿ ಸೋರುತ್ತದೆ. ಗಂಗೊಳ್ಳಿಯವರ ಮೂರು ತಪಾಸಣೆ ಅದರದ್ದೇ ಇನ್ನೊಂದು ಮುಖ. ವರ್ಷಕ್ಕೊಂದೆರಡು ಸಲ ಮಾಡುವ ‘ಸಾಗರ ಕವಚ’ ಅಣಕು ಕಾರ್ಯಾಚರಣೆಯ ಮುಖ್ಯ ಉದ್ದೇಶವೂ ಇದೇ. ಒಂದು ತಂಡ ನುಸುಳುಕೋರರಂತೆ ಮೀನು ಬೋಟಿನಲ್ಲಿ ಬರುತ್ತದೆ, ಉಳಿದವರು ಹಿಡಿಯಬೇಕು.

ಕಾಸರಕೋಡು_ಕಡಲು

ಎಲ್ಲರೂ ಭಯೋತ್ಪಾದಕರ ಬಗ್ಗೆ ಮಾತಾಡ್ತಾ ಇದ್ರಿ. ನಮ್ಮ ಹೊನ್ನಾವರ, ಕುಮಟಾ ಬದಿಗೆ ಕೋಸ್ಟ್ ಗಾರ್ಡ್ ಅಂದ್ರೆ ಮೊದಲು ನೆನಪಾಗೂದು ಸುವರ್ಣ ತ್ರಿಭುಜ.

ಗೊತ್ತಿಲ್ಲದವರಿಗೆ: 2018ರ ಡಿಸೆಂಬರ್ 13ಕ್ಕೆ ಮಲ್ಪೆಯಿಂದ ಆಳಸಮುದ್ರಕ್ಕೆ ಹೊರಟ ಬೋಟು. ಏಳು ಜನ. ಇಬ್ಬರು ಉಡುಪಿ ಜಿಲ್ಲೆಯವರು, ಐವರು ನಮ್ಮ ಉತ್ತರ ಕನ್ನಡದವರು. 15ರ ರಾತ್ರಿಯ ನಂತರ ಸಂಪರ್ಕವೇ ಇಲ್ಲ. ಮಹಾರಾಷ್ಟ್ರದ ಮಾಲ್ವಣದಾಚೆ ಇದ್ರು ಅಂತಷ್ಟೇ ಗೊತ್ತು. ನೇವಿ, ಕೋಸ್ಟ್ ಗಾರ್ಡ್, ಪೊಲೀಸರು ಎಲ್ಲ ಹುಡುಕಿದ್ರು. ಜನವರಿಯಲ್ಲಿ ಉಡುಪಿಯಲ್ಲಿ ಸಾವಿರಾರು ಮೀನುಗಾರರು ಹೆದ್ದಾರಿಯಲ್ಲೇ ಕೂತ್ರು. ಕೊನೆಗೆ ಬೋಟಿನ ಅವಶೇಷ ಸಿಕ್ಕಿದ್ದು 2019ರ ಮೇ ಮೊದಲಿಗೆ. ನೌಕಾಪಡೆಯ ನಿರೀಕ್ಷಕ್ ಹಡಗು ಮೀನುಗಾರರ ಪ್ರತಿನಿಧಿಗಳನ್ನೂ ಹತ್ತಿಸಿಕೊಂಡು ಹೋಗಿ, ಮಾಲ್ವಣದಿಂದ ಮೂವತ್ತು ಕಿಲೋಮೀಟರಿಗೂ ಆಚೆ, ಸುಮಾರು 60 ಮೀಟರ್ ಆಳದಲ್ಲಿ ಪತ್ತೆ ಮಾಡಿತು. ಮುಳುಗಿದ್ದು ಹೇಗೆ ಅಂತ ಜಗಳ ಆದದ್ದು ಎಲ್ಲರಿಗೂ ಗೊತ್ತಿದ್ದದ್ದೇ, ಅದನ್ನ ಮತ್ತೆ ಇಲ್ಲಿ ಕೆದಕೂದಿಲ್ಲ. ನನ್ನ ಪ್ರಶ್ನೆ ಒಂದೇ. ನಾಲ್ಕೂವರೆ ತಿಂಗಳು ಒಂದು ಬೋಟು ಎಲ್ಲಿದೆ ಅಂತ ಗೊತ್ತಾಗದಿದ್ರೆ, ಮುಂಬೈ ದಾಳಿ ಆದಮೇಲೆ ತೀರದುದ್ದಕ್ಕೂ ಹಾಕಿದ ರಡಾರ್ ಎಂಥಾ ನೋಡ್ತಿತ್ತು?

ಬಿಳಿಹಡಗು

ಈ ಪ್ರಶ್ನೆಗೆ ಸಮಾಧಾನ ಕೊಡುವ ಉತ್ತರ ನನ್ನಲ್ಲಿಲ್ಲ. ತಾಂತ್ರಿಕವಾಗಿ ಆಗುವುದನ್ನು ಮಾತ್ರ ಹೇಳಬಲ್ಲೆ.

ಮೊದಲ ಹಂತದಲ್ಲಿ ದೇಶಾದ್ಯಂತ 46 ಕಡೆ ಕರಾವಳಿ ರಡಾರ್ ಬಂದವು, ದ್ವೀಪಗಳೂ ಸೇರಿ. ರಡಾರ್ ಕಬ್ಬಿಣದ ದೊಡ್ಡ ಹಡಗನ್ನು ಚೆನ್ನಾಗಿ ಹಿಡಿಯುತ್ತದೆ. ಮರದ್ದೋ ಫೈಬರಿನದ್ದೋ ಬೋಟು, ಅದೂ ನೀರಿಗೆ ಹತ್ತಿರ ಕೂತಿರುವಂಥದ್ದು, ಅಲೆ ಎದ್ದಾಗ ತೆರೆಯ ಮೇಲೆ ಕಾಣುವುದೇ ಕಷ್ಟ. ದೂರ ಹೋದಷ್ಟೂ ಭೂಮಿಯ ಬಾಗಿನ ಹಿಂದೆ ಮರೆಯಾಗುತ್ತದೆ. ಕಂಡರೂ ಅದೊಂದು ಚುಕ್ಕಿ. ನೂರಾರು ಚುಕ್ಕಿಗಳಲ್ಲಿ ಒಂದು ಕಾಣೆಯಾಯಿತು ಎಂದು ಯಾರಿಗೆ ಹೊಳೆಯಬೇಕು? ವಿಎಚ್‌ಎಫ್ ವೈರ್‌ಲೆಸ್ ಕೂಡ ಬೋಟಿನ ಆಂಟೆನಾದಿಂದ ದಡಕ್ಕೆ ಇಪ್ಪತ್ತು–ಮೂವತ್ತು ಮೈಲಿನಾಚೆ ನಂಬುವ ಹಾಗಿಲ್ಲ. ನಿಮ್ಮ ಬೋಟುಗಳು ಹೋಗುವುದು ಅದಕ್ಕಿಂತ ಎಷ್ಟೋ ಆಚೆ.

ಅದಕ್ಕೇ ಡಿಎಟಿ ಎಂಬ ಪುಟ್ಟ ಯಂತ್ರ. ಇಸ್ರೋ ಮಾಡಿದ್ದು, 2010ರಿಂದ ಬಳಕೆಯಲ್ಲಿದೆ. ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ಕೋಸ್ಟ್ ಗಾರ್ಡಿನ ರಕ್ಷಣಾ ಸಮನ್ವಯ ಕೇಂದ್ರಕ್ಕೆ ಬೋಟು ಯಾವುದು, ಎಲ್ಲಿದೆ ಎಂದು ತಲುಪುತ್ತದೆ. ಹಳೆಯದರಲ್ಲಿ ಒಂದು ಕೊರತೆ ಇತ್ತು. ಒತ್ತಿದವನಿಗೆ ತನ್ನ ಸಂದೇಶ ಹೋಯಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಮುಳುಗುವ ಬೋಟಿನ ಮೇಲೆ ನಿಂತವನಿಗೆ ಅದು ಎಂಥ ಸ್ಥಿತಿ ಎಂದು ಯೋಚಿಸಿ. ಈಗ ಬಂದಿರುವ ಎರಡನೇ ತಲೆಮಾರಿನ ಯಂತ್ರಕ್ಕೆ ‘ಸಂದೇಶ ತಲುಪಿದೆ’ ಎಂದು ಮರುಉತ್ತರ ಬರುತ್ತದೆ, ಹವಾಮಾನದ ಎಚ್ಚರಿಕೆಯೂ ಬರುತ್ತದೆ.

ಮಲ್ಪೆ_ಧಕ್ಕೆ

ಇನ್ನೊಂದು ಸತ್ಯ ನಾವೇ ಹೇಳ್ಬೇಕು. ದೊಡ್ಡ ಬೋಟಿನವರು ಕೆಲವರು ಎಐಎಸ್, ಅಂದ್ರೆ ಬೋಟು ಎಲ್ಲಿದೆ ಅಂತ ಸುತ್ತಲಿನ ಹಡಗುಗಳಿಗೆ ತೋರಿಸುವ ಯಂತ್ರ, ಆಫ್ ಮಾಡಿ ಇಡ್ತಾರೆ. ಮೀನು ರಾಶಿ ಬಿದ್ದ ಜಾಗ ಬೇರೆಯವರಿಗೆ ಗೊತ್ತಾಗಬಾರದು, ಪಕ್ಕದ ರಾಜ್ಯದ ಗಡಿಯೊಳಗೆ ಹೋದದ್ದು ಕಾಣಬಾರದು. ಹಾಗಿರುವಾಗ ಸರಕು ಹಡಗಿನವನಿಗೆ ರಾತ್ರಿ ನಾವು ಕಾಣುದಾದ್ರೂ ಹೇಗೆ? 2021ರ ಏಪ್ರಿಲಲ್ಲಿ ಮಂಗಳೂರಿನಾಚೆ ಕೇರಳದ ಬೇಪೂರಿನ ಬೋಟಿಗೆ ಸಿಂಗಾಪುರದ ಕಂಟೇನರ್ ಹಡಗು ಡಿಕ್ಕಿ ಆಯ್ತಲ್ಲ, ಹದಿನಾಲ್ಕು ಜನರಲ್ಲಿ ಬದುಕಿದ್ದು ಇಬ್ಬರು. ಆ ಬೋಟಿನಲ್ಲಿ ಎಂತ ಇತ್ತು ಎಂತ ಇರ್ಲಿಲ್ಲ ಅಂತ ನಾನು ಹೇಳುದಿಲ್ಲ. ಆದ್ರೆ ಹಡಗುಗಳ ದಾರಿಯಲ್ಲಿ ಬಲೆ ಬಿಡುವವರು ನಮ್ಮಲ್ಲೂ ಇದ್ದಾರೆ.

ಗಂಗೊಳ್ಳಿ_ಬೋಟು

ಮಲ್ಪೆಯವ್ರೆ, ನಿಮ್ ಬಾಯಲ್ಲ್ ಈ ಮಾತ್ ಬಪ್ಪತ್ತ್ ಅಂದ್ ಗ್ರೈಸಿರ್ಲಿಲ್ಲೆ. ಹೌದ್, ಆಫ್ ಮಾಡ್ತ್ರ್.

ಉಳ್ಳಾಲ_ಪಡು

ತೀರ ಕಾಯುದು ಅಂದ್ರೆ ಬರೀ ದೋಣಿ ತಪಾಸಣೆಯಾ? ನಮ್ಮ ಮನೆ ಎದುರಿನ ತೀರವೇ ವರ್ಷ ವರ್ಷ ಕಡಲಿಗೆ ಹೋಗ್ತಾ ಉಂಟು. ಜೂನ್ ಬಂದ್ರೆ ಕಲ್ಲು ತಂದು ಸುರಿಯುದು, ಮುಂದಿನ ಜೂನಿಗೆ ಕಲ್ಲೂ ಇಲ್ಲ. ಎಡಿಬಿ (ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್) ಸಾಲದಲ್ಲಿ ಕಡಲೊಳಗೆ ಕೃತಕ ಬಂಡೆಸಾಲು ಅಂತ ಹಾಕಿದ್ರು. ಕೆಲವು ಕಡೆ ಪ್ರಯೋಜನ ಆಯ್ತು ಅಂತಾರೆ. ಬಟ್ಟಪ್ಪಾಡಿ ಕಡೆಯವರನ್ನು ಕೇಳಿ ನೋಡಿ, ಎಂತ ಹೇಳ್ತಾರೆ ಅಂತ.

ಅದೇ ಬಟ್ಟಪ್ಪಾಡಿಯಾಚೆ 2022ರ ಜೂನಲ್ಲಿ ಸಿರಿಯಾದ ‘ಪ್ರಿನ್ಸೆಸ್ ಮಿರಾಲ್’ ಹಡಗು ಮುಳುಗಿತು. ಉಕ್ಕಿನ ಕಾಯಿಲ್ ಸುಮಾರು ಎಂಟು ಸಾವಿರ ಟನ್. ಹದಿನೈದು ಜನರನ್ನೂ ಕೋಸ್ಟ್ ಗಾರ್ಡಿನವರು ಜೀವಂತ ಕರೆತಂದ್ರು, ಮಳೆಗಾಲದ ಕಡಲಲ್ಲಿ. ಅದಕ್ಕೆ ಕೈ ಮುಗಿಯಬೇಕು. ಆದ್ರೆ ಹಡಗಿನ ಹೊಟ್ಟೆಯಲ್ಲಿ ಇನ್ನೂರು ಟನ್ನಿಗೂ ಮಿಕ್ಕಿ ಎಣ್ಣೆ ಇತ್ತು. ಅದು ಒಡೆದು ದಡಕ್ಕೆ ಬಂದ್ರೆ ಯಾರು ಬರ್ತಾರೆ ಅಂತ ಕೇಳಿದಾಗ ಒಬ್ಬೊಬ್ಬರು ಒಂದೊಂದು ಕಚೇರಿ ಕಡೆ ಕೈ ತೋರಿಸಿದ್ರು.

ಬಿಳಿಹಡಗು

ಕಡಲ್ಕೊರೆತ ಕೋಸ್ಟ್ ಗಾರ್ಡಿನ ವ್ಯಾಪ್ತಿಯೇ ಅಲ್ಲ, ಅದು ರಾಜ್ಯ ಸರ್ಕಾರದ ಬಂದರು ಇಲಾಖೆಯ ಕೆಲಸ. ಎಣ್ಣೆ ವಿಷಯದಲ್ಲಿ ಮಾತ್ರ ನಿಮಗೆ ಸ್ಪಷ್ಟ ಉತ್ತರ ಕೊಡಬಹುದು.

1996ರಿಂದ ರಾಷ್ಟ್ರೀಯ ತೈಲ ಸೋರಿಕೆ ವಿಪತ್ತು ಯೋಜನೆ ಇದೆ, ಅದರ ಸಮನ್ವಯ ಕೋಸ್ಟ್ ಗಾರ್ಡಿನದು. ಸಮುದ್ರದಲ್ಲಿ ತೇಲುವ ಎಣ್ಣೆಗೆ ತಡೆಬೇಲಿ ಹಾಕುವುದು, ಹೀರುವುದು, ವಿಮಾನದಿಂದ ರಾಸಾಯನಿಕ ಸಿಂಪಡಿಸಿ ಚದುರಿಸುವುದು ಇವರ ಕೆಲಸ. ಅದಕ್ಕೆಂದೇ ‘ಸಮುದ್ರ ಪ್ರಹರಿ’, ‘ಸಮುದ್ರ ಪಾವಕ್’ನಂಥ ಹಡಗುಗಳಿವೆ. ಬಂದರಿನ ಒಳಗೆ ಚೆಲ್ಲಿದರೆ ಆ ಬಂದರಿನವರ ಜವಾಬ್ದಾರಿ. ಮರಳಿಗೆ ಹತ್ತಿದ ಮೇಲೆ ರಾಜ್ಯ ಸರ್ಕಾರದ್ದು. 2017ರ ಜನವರಿಯಲ್ಲಿ ಚೆನ್ನೈ ಬಳಿ ಎಣ್ಣೂರಿನಲ್ಲಿ ಎರಡು ಹಡಗು ಡಿಕ್ಕಿಯಾದಾಗ ಜನ ಬಕೆಟ್ಟಿನಲ್ಲಿ ಎಣ್ಣೆ ಬಾಚಿದ ಫೋಟೋ ನೋಡಿರಬಹುದು. ನೀರಿನ ಮೇಲಿನ ಹೊಣೆ ಮುಗಿದು ದಡದ ಹೊಣೆ ಶುರುವಾಗುವ ಜಾಗದಲ್ಲಿ ತಯಾರಿ ಇರಲಿಲ್ಲ.

ನಮ್ಮ ತೀರಕ್ಕೂ ಇದು ಹೊಸದಲ್ಲ. 2006ರಲ್ಲಿ ಕಾರವಾರದ ಬಳಿ ‘ಓಷನ್ ಸೆರಾಯಾ’ ಬಂಡೆಗೆ ಹೊಡೆದು ಎಣ್ಣೆ ದಡಕ್ಕೆ ಬಂದಿತ್ತು. 2025ರ ಮೇನಲ್ಲಿ ಕೊಚ್ಚಿಯಾಚೆ ‘ಎಂಎಸ್‌ಸಿ ಎಲ್ಸಾ 3’ ಮುಳುಗಿ ಪ್ಲಾಸ್ಟಿಕ್ ಕಾಳು ಕೇರಳದ ಮರಳಿನ ಮೇಲೆ ಹರಡಿತು. ಎರಡೇ ವಾರಕ್ಕೆ ಅದೇ ಕೇರಳ ಕರಾವಳಿಯಾಚೆ ‘ವಾನ್ ಹಾಯ್ 503’ಕ್ಕೆ ಬೆಂಕಿ, ಬದುಕಿದ 18 ಜನರನ್ನು ಕರೆತಂದು ಇಳಿಸಿದ್ದು ನಮ್ಮ ಪಣಂಬೂರಿನಲ್ಲೇ. ಈಗ ನಮ್ಮ ತೀರಕ್ಕೆ ನುಸುಳುಕೋರರಿಗಿಂತ ದೊಡ್ಡ ಅಪಾಯ ಪಕ್ಕದಲ್ಲಿ ಹಾದುಹೋಗುವ ಇಂಥ ಹಡಗುಗಳು ಎಂದೇ ನನ್ನ ಅಭಿಪ್ರಾಯ. ಒಪ್ಪದವರು ಇರಬಹುದು.

ಶಾರ್ಜಾ_ಕುಂದಾಪ್ರ

ಬಿಳಿಹಡಗು ಸರ್, ನೀವು ಒಪ್ಪದವರು ಇರಬಹುದು ಅಂದ್ರಿ, ನಾನೊಬ್ಬ ಸಿಕ್ಕಿದೆ 🙂 ಹಡಗು ಮುಳುಗಿದ್ರೆ ಟಿವಿಯಲ್ಲಿ ಬರ್ತದೆ, ನಾಲ್ಕು ದಿನ ಎಲ್ಲರೂ ಓಡಾಡ್ತಾರೆ. ಲೈಟ್ ಫಿಶಿಂಗ್ ದಿನಾ ರಾತ್ರಿ ನಡೀತದೆ. ಜನರೇಟರ್ ಇಟ್ಟು ಎಲ್‌ಇಡಿ ಹಚ್ಚಿ ಮರಿಮೀನು ಸಮೇತ ಬಾಚ್ತಾರೆ. 2017ರಲ್ಲೇ ಕೇಂದ್ರ ಸರ್ಕಾರ ನಿಷೇಧ ಮಾಡಿದೆ. ನಮ್ಮ ಅಪ್ಪ ನಾಡದೋಣಿಯವರು, ಬೂತಾಯಿ ಮೀನು ಇಲ್ಲದೆ ಖಾಲಿ ಬಲೆ ಎಳೆದು ತರುದನ್ನು ನೋಡಿಯೇ ನಾನು ಗಲ್ಫಿಗೆ ಬಂದದ್ದು. ಅಷ್ಟು ದೊಡ್ಡ ಬಿಳಿ ಹಡಗು ಇಟ್ಟುಕೊಂಡವರಿಗೆ, ಊರಿಗೆ ಊರೇ ಕಾಣುವಷ್ಟು ಬೆಳಕು ಹಚ್ಚಿದ ಬೋಟು ಕಾಣುದಿಲ್ವಾ?

ಬಿಳಿಹಡಗು

ಕಾಣುತ್ತದೆ. ಆದರೆ 12 ಮೈಲಿನೊಳಗೆ ಮೀನುಗಾರಿಕೆ ರಾಜ್ಯದ ವಿಷಯ. ಕರ್ನಾಟಕದ 1986ರ ಕಾಯ್ದೆಯಡಿ ದಂಡ ಹಾಕುವ ಅಧಿಕಾರ ಮೀನುಗಾರಿಕೆ ಇಲಾಖೆಯದು. ವಿದೇಶಿ ಬೋಟು ಬಂದರೆ 1981ರ ಕಾಯ್ದೆ ಕೋಸ್ಟ್ ಗಾರ್ಡ್ ಕೈಯಲ್ಲಿದೆ, ಆಗ ಯಾರ ಅಪ್ಪಣೆಯೂ ಬೇಡ. ನಮ್ಮದೇ ಬೋಟು ನಮ್ಮದೇ ನೀರಿನಲ್ಲಿ ತಪ್ಪು ಮಾಡಿದರೆ ವರದಿ ಕಳಿಸುವುದು, ಇಲಾಖೆ ಕೇಳಿದರೆ ನೆರವು ಕೊಡುವುದು. ಅದರಾಚೆ ಹೋದರೆ ಮರುದಿನ ಬಂದರಿನಲ್ಲಿ ಪ್ರತಿಭಟನೆ. ನಿಮ್ಮ ತಂದೆಯವರ ನಷ್ಟ ದೊಡ್ಡದು, ನಾನು ಅಲ್ಲಗಳೆಯುವುದಿಲ್ಲ.

ಮಲ್ಪೆ_ಧಕ್ಕೆ

ಲೈಟ್ ಫಿಶಿಂಗ್ ವಿಷಯ ಇಲ್ಲಿ ತೆಗೆದ್ರೆ ನಾಳೆ ಬೆಳಗ್ಗೆಗೂ ಮುಗಿಯುದಿಲ್ಲ. ಬೇರೆ ಚರ್ಚೆ ತೆರೆಯುವ, ನಾನೂ ಬರ್ತೇನೆ, ನನ್ನ ಹತ್ರವೂ ಹೇಳ್ಲಿಕ್ಕೆ ಉಂಟು.

ಕಾಸರಕೋಡು_ಕಡಲು

ಭಾಷೆಯದ್ದೂ ಒಂದು ಮಾತು. ಕಡಲ ಮಧ್ಯ ಹತ್ತಿರ ಬಂದು ಹಿಂದಿಯಲ್ಲಿ ಕೂಗಿದ್ರೆ ನಮ್ಮ ಹಿರಿಯ ತಾಂಡೇಲರಿಗೆ ಎಂಥಾ ಅರ್ಥ ಆಗ್ಬೇಕು? ಕೊಂಕಣಿ, ತುಳು, ಬ್ಯಾರಿ, ಕನ್ನಡ, ಇಷ್ಟರಲ್ಲಿ ಒಂದಾದ್ರೂ ಬರೋ ಒಬ್ಬ ಆ ಹಡಗಲ್ಲಿ ಇದ್ರೆ ಅರ್ಧ ಜಗಳ ಆಗೂದೇ ಇಲ್ಲ. ಹೆದರಿ ಬೋಟು ಓಡಿಸಿದ್ರೆ ಅನುಮಾನ, ನಿಲ್ಲಿಸಿ ಸುಮ್ಮನೆ ನಿಂತ್ರೆ ಬೈಗುಳ.

ತುಮಕೂರು_ತರಲೆ

ಅಯ್ಯೋ, ನಾನು ಸಣ್ಣ ಪ್ರಶ್ನೆ ಕೇಳಿದ್ದು! ಎಲ್ಲಾ ಓದಿದೆ, ತಮ್ಮನಿಗೂ ಕಳಿಸಿದೆ. ಅವನಿಗೆ ಈಜು ಬರಲ್ಲ, ಪರವಾಗಿಲ್ವಾ?

ಬಿಳಿಹಡಗು

ಕಲಿಸುತ್ತಾರೆ. ತರಬೇತಿ ಒಡಿಶಾದ ಚಿಲ್ಕದಲ್ಲಿ, ನೌಕಾಪಡೆಯ ಕೇಂದ್ರದಲ್ಲೇ. ಈಗಿನಿಂದಲೇ ಊರಿನ ಕೆರೆಯಲ್ಲೋ ಈಜುಕೊಳದಲ್ಲೋ ತಿಳಿದವರ ಜೊತೆ ಕಲಿತು ಹೋದರೆ ಅಲ್ಲಿ ಒದ್ದಾಡಬೇಕಿಲ್ಲ. ಓಟ ಬಿಡಬಾರದು. ಕಣ್ಣಿನ ದೃಷ್ಟಿ ಈಗಲೇ ಒಮ್ಮೆ ಪರೀಕ್ಷೆ ಮಾಡಿಸಿ, ಬರವಣಿಗೆಯಲ್ಲಿ ಪಾಸಾಗಿ ವೈದ್ಯಕೀಯದಲ್ಲಿ ಹೊರಬೀಳುವವರು ಬಹಳ.

ಕಾಸರಕೋಡಿನವರ ಮಾತಿಗೂ ಇಲ್ಲೇ ಉತ್ತರ. ನೇಮಕಾತಿ ಅಖಿಲ ಭಾರತ ಮಟ್ಟದ್ದು, ಪೋಸ್ಟಿಂಗ್ ಕೂಡ. ಆದರೆ ನಮ್ಮ ಮೂರು ಜಿಲ್ಲೆಗಳಿಂದ ಅರ್ಜಿ ಹಾಕುವವರೇ ಕಡಿಮೆ ಎಂಬುದು ನಾನು ಕಂಡದ್ದು. ಕಡಲು ಗೊತ್ತಿರುವ ಹುಡುಗರು ಬೋಟಿಗೆ ಹೋಗುತ್ತಾರೆ, ಇಲ್ಲವೇ ಗಲ್ಫಿಗೆ. ಮಂಗಳೂರಿನ ಕೆಂಜಾರಿನಲ್ಲಿ ಕೋಸ್ಟ್ ಗಾರ್ಡ್ ಅಕಾಡೆಮಿಗೆ ಜಾಗ ಗುರುತಿಸಿದ ಸುದ್ದಿ ಬಂದಾಗ ನನಗೆ ಖುಷಿಯಾದದ್ದು ಅದಕ್ಕೇ. ಕಣ್ಣೆದುರಿಗೆ ಇದ್ದರೆ ನಾಲ್ಕು ಹುಡುಗರಿಗೆ ಆಸೆ ಹುಟ್ಟೀತು.

ಗಂಗೊಳ್ಳಿ_ಬೋಟು

ಸರ್, ಒಂದ್ ಕೆಲ್ಸದ್ ಪ್ರಶ್ನೆ. ನಮ್ಮ್ ಬೋಟಲ್ಲ್ ಡಿಎಟಿ ಇತ್ತ್, ಹಳೀದ್. ಬೋಟ್ ನಾವ್ ಬೇರೆಯವ್ರ ಹತ್ರ ತಕಂಡದ್ದ್. ಅದ್ರಲ್ಲಿಪ್ಪು ಹೆಸ್ರ್, ಫೋನ್ ನಂಬರ್ ಹಳೇ ಮಾಲೀಕ್ರದ್ದೇ ಇತ್ತಾ ಏನೋ. ಗುಂಡಿ ಒತ್ರೆ ಅವ್ರ ಮನಿಗ್ ಫೋನ್ ಹೋತ್ತಾ?

ಬಿಳಿಹಡಗು

ಸರಿಯಾದ ಪ್ರಶ್ನೆ ಕೇಳಿದಿರಿ. ಸಂಕೇತ ಬಂದ ಕೂಡಲೇ ಕೇಂದ್ರದವರು ಮಾಡುವ ಮೊದಲ ಕೆಲಸ ನೋಂದಣಿಯಲ್ಲಿರುವ ನಂಬರಿಗೆ ಫೋನ್ ಹಚ್ಚಿ, ಬೋಟು ನಿಜವಾಗಿ ಕಡಲಲ್ಲಿದೆಯೇ, ಯಾರೋ ಆಟಕ್ಕೆ ಒತ್ತಿದ್ದೇ ಎಂದು ವಿಚಾರಿಸುವುದು. ಹಳೇ ಮಾಲೀಕರು "ನನ್ನ ಬೋಟು ಕಡಲಿಗೇ ಹೋಗಿಲ್ಲ" ಎಂದುಬಿಟ್ಟರೆ ಅಲ್ಲೇ ಹೊತ್ತು ಹೋಗುತ್ತದೆ. ಈಗ ರಜೆಯ ಸಮಯ, ಆಗಸ್ಟ್ 1ಕ್ಕೆ ಬೋಟು ಇಳಿಸುವ ಮೊದಲು ಯಂತ್ರವನ್ನೂ ನೋಂದಣಿ ಪುಸ್ತಕವನ್ನೂ ಹಿಡಿದು ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ಹೆಸರು, ನಂಬರು ಬದಲಿಸಿಕೊಳ್ಳಿ. ಬ್ಯಾಟರಿಯನ್ನೂ ತೋರಿಸಿ. ಹೊಸ ಮಾದರಿ ಸಿಗುತ್ತದೆಯೇ ಎಂದು ಅಲ್ಲೇ ಕೇಳಿ. ವೈರ್‌ಲೆಸ್ 16ನೇ ಚಾನೆಲಿನಲ್ಲಿ ಹರಟೆ ಹೊಡೆಯಬೇಡಿ ಎಂದು ಹುಡುಗರಿಗೆ ಹೇಳಿ, ಅದು ಸಂಕಟದ ಕರೆಗೆ ಮೀಸಲು. ಮೊಬೈಲ್ ಸಿಗ್ನಲ್ ಇರುವಷ್ಟು ಹತ್ತಿರ ಇದ್ದರೆ ಕೋಸ್ಟ್ ಗಾರ್ಡಿಗೆ 1554, ಕರಾವಳಿ ಪೊಲೀಸರಿಗೆ 1093.

ಗಂಗೊಳ್ಳಿ_ಬೋಟು

ಆಯ್ತ್ ಸರ್. ಸೋಮವಾರ ಹೋಯಿ ಬತ್ತೆ. ಆ ಕಚೇರಿಯಲ್ಲ್ ಎಂತ ಹೇಳ್ತ್ರ್ ಅಂದ್ ಇಲ್ಲೇ ಬರಿತೆ.